ಬ್ಲೂಗ್ರಾಸ್ ಜ್ಯಾಮ್‌ಗೆ ಹೊರಟಿದ್ದೀರಾ? ಹಿಮ್ಮೇಳದವರಾಗಿ ಹೋಗಿ

ಅಮೆರಿಕದ ನಾರ್ತ್ ಕ್ಯಾರೊಲಿನಾದ ಶಾರ್ಲೆಟ್ ಸುತ್ತಮುತ್ತ ಇರುವ ನಮ್ಮವರ ಮನೆಗಳಲ್ಲಿ ಗಿಟಾರ್‌ಗಳಿಗೇನೂ ಬರ ಇಲ್ಲ. ಕೋವಿಡ್ ಸಮಯದಲ್ಲಿ ಆಸೆಪಟ್ಟು ಕೊಂಡದ್ದು, ಈಗ ಬಟ್ಟೆ ಕಪಾಟಿನ ಮೂಲೆಯಲ್ಲಿ ಮುಖ ತಿರುಗಿಸಿ ನಿಂತಿದೆ. ನನ್ನದೂ ಹಾಗೇ ನಿಂತಿತ್ತು. ಅದನ್ನು ಹೊರಗೆ ತೆಗೆಸಿದ್ದು ಇಲ್ಲಿಂದ ಉತ್ತರಕ್ಕೆ ಎರಡು ಗಂಟೆ ದಾರಿಯಲ್ಲಿರುವ ಬೆಟ್ಟದೂರುಗಳು.

ಆ ಊರುಗಳಲ್ಲಿ ವಾರಕ್ಕೊಂದು ಸಂಜೆ ಜನ ಸೇರುತ್ತಾರೆ. ಅಂಗಡಿಯ ಹಿಂಭಾಗದಲ್ಲೋ, ಚರ್ಚಿನ ಊಟದ ಹಾಲ್‌ನಲ್ಲೋ, ಫೈರ್ ಸ್ಟೇಷನ್ನಿನಲ್ಲೋ ಹತ್ತು ಹದಿನೈದು ಕುರ್ಚಿ ದುಂಡಗೆ ಹಾಕಿಕೊಂಡು ನುಡಿಸುತ್ತಾರೆ. ಮೈಕ್ ಇಲ್ಲ, ವೇದಿಕೆ ಇಲ್ಲ, ಎದುರಿಗಿಟ್ಟ ಪುಸ್ತಕವೂ ಇಲ್ಲ. ಇದಕ್ಕೆ ಜ್ಯಾಮ್ ಅನ್ನುತ್ತಾರೆ. ಬ್ಲೂಗ್ರಾಸ್ ಅಂದರೆ ಗಿಟಾರ್, ಬ್ಯಾಂಜೋ, ಫಿಡಲ್ (ಪಿಟೀಲು) ಥರದ ತಂತಿವಾದ್ಯಗಳ ಇಲ್ಲಿನ ಸಂಗೀತ. ಊರಿನ ಶನಿವಾರದ ಭಜನೆಗೆ ಹೋಗಿ ಅಭ್ಯಾಸ ಇದ್ದವರಿಗೆ ಇದು ಅರ್ಧ ಗೊತ್ತಿರುವ ವಿಷಯ. ಉಳಿದರ್ಧ ಗೊತ್ತಿಲ್ಲದೆ ಹೋಗಿ ನಾನು ಮಾಡಿಕೊಂಡ ಅವಾಂತರ ನೀವು ಮಾಡಿಕೊಳ್ಳಬೇಡಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಯಕ್ಷಗಾನದಲ್ಲಿ ಮುಮ್ಮೇಳ, ಹಿಮ್ಮೇಳ ಅಂತ ಇದೆಯಲ್ಲ? ಹೊಸಬರು ಜ್ಯಾಮ್‌ಗೆ ಹೋಗಬೇಕಾದ್ದು ಹಿಮ್ಮೇಳದವರಾಗಿ. ಕುಣಿಯುವ ಪಾತ್ರ ಆಮೇಲೆ ತಾನಾಗಿ ಸಿಗುತ್ತದೆ.

ಯಾವ ಊರಿಗೆ ಹೋಗುವುದು

ಬ್ಲೂಗ್ರಾಸ್ ಹುಟ್ಟಿನ ಕಥೆ ಚಿಕ್ಕದು. ಕೆಂಟಕಿಯ ರೋಸಿನ್ ಅನ್ನುವ ಹಳ್ಳಿಯಲ್ಲಿ 1911ರಲ್ಲಿ ಹುಟ್ಟಿದ ಬಿಲ್ ಮನ್ರೋ ತನ್ನ ತಂಡಕ್ಕೆ ‘ಬ್ಲೂ ಗ್ರಾಸ್ ಬಾಯ್ಸ್’ ಅಂತ ಹೆಸರಿಟ್ಟ. 1939ರಲ್ಲಿ ನ್ಯಾಶ್‌ವಿಲ್‌ನ ‘ಗ್ರ್ಯಾಂಡ್ ಓಲ್ ಆಪ್ರಿ’ ರೇಡಿಯೊ ಕಾರ್ಯಕ್ರಮ ಸೇರಿದ. 1945ರ ಕೊನೆಗೆ ಅರ್ಲ್ ಸ್ಕ್ರಗ್ಸ್ ಎಂಬ ಹುಡುಗ ಬಂದು ಮೂರು ಬೆರಳಲ್ಲಿ ಬ್ಯಾಂಜೋ ಮೀಟಿದ ಮೇಲೆ ಆ ಸಂಗೀತದ ಸದ್ದೇ ಬೇರೆಯಾಯಿತು. ತಂಡದ ಹೆಸರೇ ಸಂಗೀತದ ಹೆಸರಾಯಿತು. ಸ್ಕ್ರಗ್ಸ್ ನಮ್ಮ ಶಾರ್ಲೆಟ್‌ಗೆ ಹತ್ತಿರದ ಶೆಲ್ಬಿ ಕಡೆಯವನು. ಇನ್ನು ಬ್ಯಾಂಜೋ ಮೂಲದಲ್ಲಿ ಆಫ್ರಿಕಾದ್ದು. ಗುಲಾಮರಾಗಿ ಬಂದವರ ಕೈಯಲ್ಲಿ ಈ ದೇಶದಲ್ಲಿ ರೂಪ ಪಡೆದ ವಾದ್ಯ. ಇಷ್ಟು ಗೊತ್ತಿದ್ದರೆ ಮಾತಿಗೆ ಸಾಕು.

ಇವತ್ತು ಹೊಸಬರಿಗೆ ಸುಲಭವಾದ ಜಾಗ ನೈಋತ್ಯ ವರ್ಜೀನಿಯಾ. ಅಲ್ಲಿ ‘ಕ್ರೂಕೆಡ್ ರೋಡ್’ ಎಂಬ ಸಂಗೀತದ ದಾರಿಯನ್ನೇ ಗುರುತಿಸಿದ್ದಾರೆ. ಸುಮಾರು 330 ಮೈಲಿ. ಹೆಸರಿಗೆ ತಕ್ಕ ಹಾಗೆ ಅಂಕುಡೊಂಕು. ಅದರ ಮೇಲೆ ಫ್ಲಾಯ್ಡ್ ಅಂತ ಒಂದು ಊರಿದೆ. ಜನಸಂಖ್ಯೆ 450ರ ಆಸುಪಾಸು. ಇಡೀ ಕೌಂಟಿಗೆ ಟ್ರಾಫಿಕ್ ಲೈಟ್ ಒಂದೇ ಒಂದು. ಆದರೆ ಶುಕ್ರವಾರ ಸಂಜೆ ‘ಫ್ಲಾಯ್ಡ್ ಕಂಟ್ರಿ ಸ್ಟೋರ್’ ಎದುರು ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ. ಮೊದಲು ದೇವರ ಹಾಡು, ಆಮೇಲೆ ಕುಣಿತ. ಮರದ ನೆಲದ ಮೇಲೆ ಎಂಟು ವರ್ಷದ ಹುಡುಗಿ, ಎಂಬತ್ತರ ಅಜ್ಜ ಅಕ್ಕಪಕ್ಕ ಹಿಮ್ಮಡಿ ಕುಟ್ಟುತ್ತಿರುತ್ತಾರೆ. ಶುಕ್ರವಾರದ್ದು ವೇದಿಕೆಯ ಕಾರ್ಯಕ್ರಮ. ಬೇಸಿಗೆಯಲ್ಲಿ ಹೊರಗೆ ಬೀದಿಯಲ್ಲೂ ಗುಂಪು ಗುಂಪಾಗಿ ನುಡಿಸುತ್ತಾರೆ. ಕುರ್ಚಿ ದುಂಡಗೆ ಹಾಕುವ ಜ್ಯಾಮ್ ಬೇಕೆಂದರೆ ಭಾನುವಾರ ಮಧ್ಯಾಹ್ನ ಹೋಗಿ.

ಶಾರ್ಲೆಟ್‌ನಿಂದ ಐ-77 ಹೆದ್ದಾರಿ ಹಿಡಿದರೆ ಗೇಲ್ಯಾಕ್ಸ್ ಎಂಬ ಊರು ಇನ್ನೂ ಹತ್ತಿರ. ಅಲ್ಲಿ 1935ರಿಂದ ಆಗಸ್ಟ್‌ನಲ್ಲಿ ಹಳೇ ಫಿಡಲ್‌ಗಾರರ ಸ್ಪರ್ಧೆ ನಡೆಯುತ್ತದೆ. ಸ್ಪರ್ಧೆಯನ್ನು ನೋಡಿ, ಬೇಡ ಅನ್ನುವುದಿಲ್ಲ. ನನ್ನ ಕೇಳಿದರೆ ರಾತ್ರಿ ಹೊತ್ತು ಕ್ಯಾಂಪರ್ ಗಾಡಿಗಳ ನಡುವೆ ಸುಮ್ನೆ ಅಡ್ಡಾಡುವುದೇ ಅದಕ್ಕಿಂತ ಮೇಲು. ಪ್ರತಿ ಗಾಡಿಯ ನೆರಳಿನಲ್ಲೂ ಒಂದೊಂದು ಜ್ಯಾಮ್ ಇರುತ್ತದೆ. ಗಡಿಯ ಈಚೆಗೆ, ನಾರ್ತ್ ಕ್ಯಾರೊಲಿನಾದ ಮೌಂಟ್ ಏರಿಯಲ್ಲಿ ಡಬ್ಲ್ಯುಪಿಎಕ್ಯು ಎಂಬ ರೇಡಿಯೊ 1948ರಿಂದ ಇದೇ ಸಂಗೀತವನ್ನು ಬಿತ್ತರಿಸುತ್ತಿದೆ. ಅದರ ಶನಿವಾರದ ನೇರ ಕಾರ್ಯಕ್ರಮವನ್ನು ಮನೆಯಲ್ಲೇ ಕೇಳಬಹುದು. ದೂರ ಹೋಗಲು ಸಿದ್ಧವಿದ್ದರೆ ವರ್ಜೀನಿಯಾದ ಹಿಲ್ಟನ್ಸ್ ಎಂಬಲ್ಲಿ ‘ಕಾರ್ಟರ್ ಫೋಲ್ಡ್’ ಎಂಬ ಸಂಗೀತದ ಹಾಲ್ ಇದೆ. ಶನಿವಾರ ರಾತ್ರಿ ಮಾತ್ರ. ಕರೆಂಟಿನ ವಾದ್ಯ ನಡೆಯುವುದಿಲ್ಲ, ಮದ್ಯವೂ ಇಲ್ಲ. ಹೆಸರಾಂತ ಗಾಯಕ ಜಾನಿ ಕ್ಯಾಶ್ 2003ರ ಜುಲೈಯಲ್ಲಿ ಕೊನೆಯ ಬಾರಿಗೆ ಜನರೆದುರು ಹಾಡಿದ್ದು ಅಲ್ಲೇ.

ಹೊರಡುವ ಮುಂಚೆ ಫೋನ್ ಮಾಡಿ. ಹಳ್ಳಿಯ ಜ್ಯಾಮ್ ಒಂದು ಮದುವೆಗೋ ಒಂದು ಹಿಮಕ್ಕೋ ನಿಂತುಹೋಗುತ್ತದೆ.

ಬ್ಲೂಗ್ರಾಸೋ, ಓಲ್ಡ್-ಟೈಮೋ?

ಫೋನ್‌ನಲ್ಲೇ ಇದನ್ನೂ ಕೇಳಿಬಿಡಿ: ನುಡಿಸುವುದು ಬ್ಲೂಗ್ರಾಸೋ, ಓಲ್ಡ್-ಟೈಮ್ ಎಂಬ ಅದಕ್ಕಿಂತ ಹಳೇ ಹಳ್ಳಿ ಸಂಗೀತವೋ. ಹೊರಗಿನವರ ಕಿವಿಗೆ ಎರಡೂ ಒಂದೇ ಥರ. ಒಳಗಿನವರಿಗೆ ಮಾತ್ರ ಭಜನೆಗೂ ಕಚೇರಿಗೂ ಇರುವಷ್ಟು ದೂರ.

ಓಲ್ಡ್-ಟೈಮ್‌ನಲ್ಲಿ ಎಲ್ಲರೂ ಒಟ್ಟಿಗೆ ಒಂದೇ ಧಾಟಿ ನುಡಿಸುತ್ತಾರೆ. ಫಿಡಲ್ ಮುಂದೆ, ಉಳಿದವರು ಹಿಂದೆ. ಅದೇ ಧಾಟಿ ಹತ್ತು ಸಲ, ಹದಿನೈದು ಸಲ ಸುತ್ತುತ್ತದೆ. ತನಿ, ಅಂದರೆ ಒಬ್ಬರೇ ಮುಂದಾಗಿ ನುಡಿಸುವ ಸರದಿ, ಇಲ್ಲ. ಫಿಡಲ್, ಬ್ಯಾಂಜೋಗಳ ಶ್ರುತಿ ಬದಲಿಸುವುದು ರಗಳೆ. ಹಾಗಾಗಿ ಒಂದು ಗಂಟೆ ಹೊತ್ತು ಒಂದೇ ಶ್ರುತಿಯಲ್ಲಿ ಕೂರುವುದೂ ಉಂಟು. ಬ್ಲೂಗ್ರಾಸ್‌ನಲ್ಲಿ ಹಾಡಿಗೊಂದು ಶ್ರುತಿ. ಚರಣಗಳ ನಡುವೆ ಒಬ್ಬೊಬ್ಬರಿಗೂ ತನಿ ಸಿಗುತ್ತದೆ. ಅದಕ್ಕೆ ‘ಬ್ರೇಕ್’ ಅನ್ನುತ್ತಾರೆ. ಬ್ರೇಕ್ ಕೊಡುತ್ತಾರೆ ಅಂತ ಓಲ್ಡ್-ಟೈಮ್ ಗುಂಪಿನಲ್ಲಿ ಕಾದು ಕೂತರೆ ಬೆಳಗಾಗುತ್ತದೆ.

ಕರ್ನಾಟಕ ಸಂಗೀತದ ಪಿಟೀಲು ಕಲಿತವರಿಗೆ ಇಲ್ಲೊಂದು ಖುಷಿಯ ಸಂಗತಿ. ನಮ್ಮ ಪಿಟೀಲಿನ ನಾಲ್ಕು ತಂತಿ ಸ-ಪ-ಸ-ಪ. ಇವರ ಮಾಮೂಲಿ ಫಿಡಲ್ ಜಿ-ಡಿ-ಎ-ಇ. ಆದರೆ ಓಲ್ಡ್-ಟೈಮ್‌ನವರು ಎ ಶ್ರುತಿಯ ಧಾಟಿಗಳಿಗೆ ಕೆಳಗಿನ ಎರಡು ತಂತಿ ಏರಿಸಿ ಎ-ಇ-ಎ-ಇ ಮಾಡಿಕೊಳ್ಳುತ್ತಾರೆ. ಎ ಅನ್ನು ಸ ಅಂತ ಹಿಡಿದು ನೋಡಿ. ಸ-ಪ-ಸ-ಪ! ನಿಮ್ಮ ಬೆರಳು ದಾರಿ ತಪ್ಪುವುದಿಲ್ಲ. ಗಮಕ ಮಾತ್ರ ಮನೆಯಲ್ಲಿ ಬಿಟ್ಟು ಹೋಗಿ. ಇಲ್ಲಿ ಕೆಲಸವೆಲ್ಲ ಬಿಲ್ಲಿನದು.

ಮೊದಲ ಸಲ ವಾದ್ಯ ಕಾರಿನಲ್ಲೇ ಇರಲಿ

ಮೊದಲ ದಿನ ದುಂಡಿನ ಹೊರಗೆ ಕೂತು ಕೇಳಿ. ಯಾರು ಮುಂದಾಳು, ಸರದಿ ಯಾವ ಕಡೆ ಸುತ್ತುತ್ತದೆ, ಹಾಡು ಹೇಗೆ ನಿಲ್ಲುತ್ತದೆ, ಇಷ್ಟನ್ನು ಗಮನಿಸಿ. ಯಾರಾದರೂ ‘ನೀವೂ ನುಡಿಸುತ್ತೀರಾ?’ ಅಂತ ಕೇಳೇ ಕೇಳುತ್ತಾರೆ. ‘ಕಲಿಯುತ್ತಿದ್ದೇನೆ, ಇವತ್ತು ಕೇಳಲು ಬಂದೆ’ ಅನ್ನಿ. ಆ ಒಂದು ಮಾತಿಗೆ ಸಿಗುವ ಮರ್ಯಾದೆ ನೋಡಿದರೆ ನಿಮಗೇ ಆಶ್ಚರ್ಯವಾಗುತ್ತದೆ. ಹಿರಿಯರನ್ನು ‘ಸರ್’, ‘ಮ್ಯಾಮ್’ ಅಂತಲೇ ಕರೆಯಿರಿ. ಈ ಕಡೆ ಅದು ಹಳೇ ರೂಢಿ, ನಮಗಂತೂ ಬಾಯಿಗೆ ಬಂದದ್ದೇ.

ಬಾಗಿಲ ಹತ್ತಿರ ಒಂದು ಡಬ್ಬಿ ಅಥವಾ ಬಕೆಟ್ ಇರುತ್ತದೆ. ಮಂಗಳಾರತಿ ತಟ್ಟೆ ಅಂತ ತಿಳಿದು ಐದೋ ಹತ್ತೋ ಡಾಲರ್ ಹಾಕಿ. ಹಾಲ್‌ನ ಹೀಟರ್ ಬಿಲ್ಲು ಅದರಿಂದಲೇ ಹೋಗುತ್ತದೆ. ವಿಡಿಯೊ ತೆಗೆಯುವ ಮುಂಚೆ ಕೇಳಿ.

ಊಟದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಚರ್ಚು, ಫೈರ್ ಸ್ಟೇಷನ್ ಜ್ಯಾಮ್‌ಗಳಲ್ಲಿ ಎಲ್ಲರೂ ಒಂದೊಂದು ಪಾತ್ರೆ ತರುತ್ತಾರೆ. ಮೊದಲು ಪ್ರಾರ್ಥನೆ, ಆಮೇಲೆ ಊಟ. ಪ್ರಾರ್ಥನೆಗೆ ಅವರ ಜೊತೆ ಸುಮ್ಮನೆ ನಿಂತರೆ ಸಾಕು. ಸಸ್ಯಾಹಾರಿಗಳು ಹುರುಳಿಕಾಯಿ, ಪಿಂಟೋ ಕಾಳು ಕಂಡ ಕೂಡಲೇ ತಟ್ಟೆ ತುಂಬಿಸಿಕೊಳ್ಳಬೇಡಿ. ಎರಡನ್ನೂ ಇಲ್ಲಿ ಹಂದಿಮಾಂಸದ ತುಂಡು ಹಾಕಿ ಬೇಯಿಸುವುದೇ ವಾಡಿಕೆ. ಮೆಕ್ಕೆಜೋಳದ ಬ್ರೆಡ್ಡಿನಲ್ಲೂ ಬೇಕನ್ ಜಿಡ್ಡು ಇರಬಹುದು. ‘ಇದರಲ್ಲಿ ಮಾಂಸ ಇದೆಯಾ?’ ಅಂತ ನೇರ ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ಎರಡನೇ ಸಲ ಹೋಗುವಾಗ ನೀವೂ ಏನಾದರೂ ಒಯ್ಯಿರಿ. ನಾನು ಒಯ್ದ ಚಿತ್ರಾನ್ನವನ್ನು ಅನುಮಾನದಿಂದ ಒಂದೊಂದು ಚಮಚ ಹಾಕಿಕೊಂಡರು. ಕೊಬ್ಬರಿ ಮಿಠಾಯಿ ಹತ್ತು ನಿಮಿಷದಲ್ಲಿ ಖಾಲಿ. ಕಡಲೆಕಾಯಿ ಹಾಕಿದ್ದರೆ ಚೀಟಿ ಬರೆದು ಅಂಟಿಸುವುದು ಮರೆಯಬೇಡಿ, ಅಲರ್ಜಿ ಇದ್ದವರು ಇರುತ್ತಾರೆ.

ಮನೆಯಲ್ಲಿ ಮಾಡಿಕೊಳ್ಳುವ ತಯಾರಿ

ಗಿಟಾರ್‌ನವರನ್ನು ಮನಸ್ಸಿನಲ್ಲಿಟ್ಟು ಹೇಳುತ್ತೇನೆ, ಜಾಸ್ತಿ ಜನ ಅವರೇ. ಸ್ಟೀಲ್ ತಂತಿಯ ಗಿಟಾರ್ ಬೇಕು. ನೈಲಾನ್ ತಂತಿಯದು ಬ್ಯಾಂಜೋ ಪಕ್ಕದಲ್ಲಿ ಕೇಳಿಸುವುದೇ ಇಲ್ಲ. ಗಿಟಾರಿನ ತಲೆಗೆ ಸಿಕ್ಕಿಸುವ ಟ್ಯೂನರ್, ತಂತಿ ಮೀಟಲು ದಪ್ಪನೆಯ ಪಿಕ್, ತಂತಿಗಳನ್ನು ಒತ್ತಿ ಹಿಡಿದು ಶ್ರುತಿ ಏರಿಸುವ ಕ್ಲಿಪ್ಪಿನಂಥ ಒಂದು ಕೇಪೋ. ಅಷ್ಟೇ ಸಾಮಾನು.

ಹಾಡುಗಳಲ್ಲಿ ಮುಕ್ಕಾಲು ಪಾಲು ಮೂರೇ ಕಾರ್ಡ್‌ಗಳ ಮೇಲೆ ನಡೆಯುತ್ತವೆ. ಕಾರ್ಡ್ ಅಂದರೆ ಒಟ್ಟಿಗೆ ಮೀಟುವ ಸ್ವರಗಳ ಗೊಂಚಲು. ಇವರು ಆ ಮೂರನ್ನು ಒಂದು, ನಾಲ್ಕು, ಐದು ಅನ್ನುತ್ತಾರೆ. ನಮ್ಮ ಲೆಕ್ಕದಲ್ಲಿ ಸ, ಮ, ಪ. ಶ್ರುತಿ ಜಿ ಆದರೆ ಸ ಜಿ, ಮ ಸಿ, ಪ ಡಿ. ಶ್ರುತಿ ಎ ಆದರೆ ಎ, ಡಿ, ಇ. ಶ್ರುತಿ ಡಿ ಆದರೆ ಡಿ, ಜಿ, ಎ. ಹಾಡಿನ ಮಧ್ಯೆ ಯಾರಾದರೂ ನಿಮಗೆ ನಾಲ್ಕು ಬೆರಳು ತೋರಿಸಿದರೆ ಮ ಕಡೆ ಹೋಗು ಅಂತ ಅರ್ಥ. ಅಂಗೈ ಪೂರ್ತಿ ತೋರಿಸಿದರೆ ಪ. ಧಾಟಿಗಳೂ ನಮಗೆ ಅಪರಿಚಿತವಲ್ಲ. ಜಾಸ್ತಿ ಹಾಡುಗಳ ಸ್ವರ ಶಂಕರಾಭರಣದ್ದು. ‘ಅಮೇಜಿಂಗ್ ಗ್ರೇಸ್’ ಐದೇ ಸ್ವರದ ಮೋಹನ. ‘ಓಲ್ಡ್ ಜೋ ಕ್ಲಾರ್ಕ್’ ಎಂಬ ಫಿಡಲ್ ಧಾಟಿಯಲ್ಲಿ ನಿಷಾದ ಇಳಿದು ಹರಿಕಾಂಭೋಜಿಯ ಸ್ವರ ಬರುತ್ತದೆ. ಹಾಗಾಗಿ ಅದನ್ನು ಎ ಶ್ರುತಿಯಲ್ಲಿ ನುಡಿಸುವಾಗ ಜಿ ಕಾರ್ಡ್ ಬೇಕು, ಮೂರೇ ಕಾರ್ಡ್ ಅಂತ ಕೂತರೆ ತಪ್ಪುತ್ತದೆ.

ಕೇಪೋ ಲೆಕ್ಕ ಬಾಯಿಪಾಠ ಮಾಡಿಕೊಳ್ಳಿ. ಜಿ ಹಿಡಿತದಲ್ಲೇ ಕೈ ಇಟ್ಟು ಎರಡನೇ ಮನೆಗೆ (ಫ್ರೆಟ್ಟಿಗೆ) ಕೇಪೋ ಹಾಕಿದರೆ ಎ. ಮೂರನೇ ಮನೆಗೆ ಬಿ-ಫ್ಲ್ಯಾಟ್, ನಾಲ್ಕನೆಯದಕ್ಕೆ ಬಿ. ಸಿ ಹಿಡಿತ ಎರಡನೇ ಮನೆಯಲ್ಲಿ ಡಿ ಆಗುತ್ತದೆ. ಬ್ಲೂಗ್ರಾಸ್ ಗಂಡಸರು ಗಂಟಲು ಎತ್ತರಿಸಿ ಹಾಡುವವರು. ಅದಕ್ಕೇ ಬಿ, ಬಿ-ಫ್ಲ್ಯಾಟ್ ಥರದ ಶ್ರುತಿಗಳು ಬೇಕಾಗುತ್ತವೆ. ನನ್ನ ಅವಾಂತರ ಆದದ್ದು ಇಲ್ಲೇ. ಬಿ-ಫ್ಲ್ಯಾಟ್ ಹಾಡಿಗೆ ಒಂದು ಮನೆ ಕೆಳಗೆ ಕೇಪೋ ಹಾಕಿಕೊಂಡು, ಕಣ್ಣು ಮುಚ್ಚಿ, ತಲೆ ಆಡಿಸುತ್ತ ಮೂರು ಚರಣ ನುಡಿಸಿದ್ದೆ. ಪಕ್ಕದ ಫಿಡಲ್ ಅಜ್ಜ ಏನೂ ಅನ್ನಲಿಲ್ಲ. ಬಿಲ್ಲಿನ ತುದಿಯಿಂದ ನನ್ನ ಕೇಪೋವನ್ನು ಮೆಲ್ಲಗೆ ತಟ್ಟಿದರು, ಅಷ್ಟೇ.

ಇನ್ನು ಲಯ. ದೊಡ್ಡ ಬೇಸ್ ವಾದ್ಯ ಒಂದು ಮತ್ತು ಮೂರನೇ ಎಣಿಕೆಗೆ ‘ದುಂ’ ಅನ್ನುತ್ತದೆ. ಮ್ಯಾಂಡೊಲಿನ್ ಎರಡು ಮತ್ತು ನಾಲ್ಕಕ್ಕೆ ‘ಚಕ್’ ಅಂತ ಕತ್ತರಿಸುತ್ತದೆ. ಮದ್ದಳೆ ಇಲ್ಲದ ಮೇಳದಲ್ಲಿ ಅವೆರಡೇ ಮದ್ದಳೆ. ಗಿಟಾರ್ ಎರಡನ್ನೂ ಒಟ್ಟಿಗೆ ಮಾಡಬೇಕು. ದಪ್ಪ ತಂತಿಗೊಂದು ಪೆಟ್ಟು, ಉಳಿದ ತಂತಿಗಳ ಮೇಲೊಂದು ಗೀಚು. ವಾಲ್ಟ್ಜ್ ಹಾಡು ಬಂದರೆ ತಿಶ್ರದ ಲೆಕ್ಕ. ಲಯ ಎಣಿಸುವ ಮೆಟ್ರೊನೋಮ್ ಹಾಕಿಕೊಂಡು ಇದೊಂದನ್ನೇ ದಿನಕ್ಕೆ ಇಪ್ಪತ್ತು ನಿಮಿಷ ಮಾಡಿ. ಬೇಸರ ಬರುತ್ತದೆ, ನಿಜ. ಆದರೆ ಲಯ ಓಡಿಸದ ಗಿಟಾರ್‌ನವನಿಗೆ ಯಾವ ಊರಿನಲ್ಲೂ ಕುರ್ಚಿ ಖಾಲಿ ಇರುತ್ತದೆ. ನೂರು ತನಿ ಕಲಿತು ಲಯ ಓಡಿಸುವವನ ಪಕ್ಕ ಕೂರಲು ಯಾರಿಗೂ ಇಷ್ಟ ಇಲ್ಲ.

ದುಂಡಿನಲ್ಲಿ ಕೂತ ಮೇಲೆ

ಒಳಗೆ ಕುರ್ಚಿ ಎಳೆಯುವ ಮುಂಚೆ ಹಾಡು ಮುಗಿಯಲಿ. ‘ಕೂರಬಹುದಾ?’ ಅಂತ ಕೇಳಿ. ಚೆನ್ನಾಗಿ ನುಡಿಸುವ ಗಿಟಾರ್‌ನವರ ಎದುರಿನ ಜಾಗ ಹಿಡಿಯಿರಿ, ಪಕ್ಕದ್ದಲ್ಲ. ಎದುರಿದ್ದರೆ ಅವರ ಎಡಗೈ ಕಾಣುತ್ತದೆ. ಅವರು ಯಾವ ಮನೆಗೆ ಕೇಪೋ ಹಾಕಿದರೋ ನೀವೂ ಅದಕ್ಕೇ ಹಾಕಿ. ಅವರ ಬೆರಳು ಎಲ್ಲಿಗೆ ಹೋಯಿತೋ ನಿಮ್ಮದೂ ಅಲ್ಲಿಗೆ. ಬ್ಯಾಂಜೋನವರ ಕೈ ನೋಡಿ ಮಾತ್ರ ಏನೂ ಗೊತ್ತಾಗುವುದಿಲ್ಲ.

ಹಾಡು ನಡೆಯುವ ಕ್ರಮ ಹೀಗಿರುತ್ತದೆ. ಸರದಿ ಬಂದವರು ಹಾಡಿನ ಹೆಸರು, ಶ್ರುತಿ ಹೇಳುತ್ತಾರೆ. ಫಿಡಲ್ಲೋ ಬ್ಯಾಂಜೋವೋ ಎತ್ತುಗಡೆ ಮಾಡುತ್ತದೆ. ಚರಣವನ್ನು ಒಬ್ಬರೇ ಹಾಡುತ್ತಾರೆ. ಪಲ್ಲವಿಗೆ ಎರಡು ಮೂರು ದನಿ ಸೇರುತ್ತವೆ. ಪಲ್ಲವಿ ಮುಗಿಯುತ್ತಿದ್ದಂತೆ ಹಾಡುವವರು ಯಾರ ಕಡೆಗಾದರೂ ಗಲ್ಲ ಎತ್ತುತ್ತಾರೆ. ಆ ಬ್ರೇಕ್ ಅವರದು. ನಿಮ್ಮ ಕಡೆ ನೋಡಿ, ನಿಮಗೆ ಬೇಡ ಅನ್ನಿಸಿದರೆ ತಲೆ ಅಡ್ಡ ಆಡಿಸಿ ಪಕ್ಕದವರ ಕಡೆ ತೋರಿಸಿ. ಅದರಲ್ಲಿ ಅವಮಾನ ಏನೂ ಇಲ್ಲ, ತಡಮಾಡುವುದೇ ತಪ್ಪು. ಹಾಡುತ್ತಿರುವವರು ಒಂದು ಕಾಲನ್ನು ಮುಂದಕ್ಕೆ ಎತ್ತಿ ಹಿಡಿದರೆ ಈ ಸುತ್ತಿಗೆ ಮುಕ್ತಾಯ. ಮೊದಲ ಸಲ ಆ ಕಾಲು ನೋಡದೆ ನಾನೊಬ್ಬನೇ ಮುಂದಕ್ಕೆ ಹೋಗಿಬಿಟ್ಟಿದ್ದೆ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಹಾಡುವವರ ಮಾತು ನಿಮಗೆ ಕೇಳಿಸದಿದ್ದರೆ ನಿಮ್ಮ ಸದ್ದು ಜಾಸ್ತಿಯಾಗಿದೆ ಅಂತ ತಿಳಿಯಿರಿ. ಇನ್ನೊಬ್ಬರ ಬ್ರೇಕ್ ನಡೆಯುವಾಗಲೂ ಅಷ್ಟೇ, ಕೈ ಹಗುರ ಮಾಡಿ. ಮ್ಯಾಂಡೊಲಿನ್, ಮೃದು ದನಿಯ ಅಜ್ಜಿಯರ ಹಾಡು ಬಂದರೆ ಇನ್ನೂ ಹಗುರ. ಎರಡು ಹಾಡುಗಳ ನಡುವೆ ಸುಮ್ನೆ ತಂತಿ ಕೆರೆಯುತ್ತ ಕೂರಬೇಡಿ. ಅಕ್ಕಪಕ್ಕದವರು ಆಗಲೇ ಶ್ರುತಿ ಮಾಡಿಕೊಳ್ಳುತ್ತಿರುತ್ತಾರೆ. ಈಗಾಗಲೇ ಐದು ಗಿಟಾರ್ ಇದ್ದರೆ ಆರನೆಯದು ಬೇಕಾ ಅಂತ ನೀವೇ ಯೋಚಿಸಿ. ನಾನು ಅಂಥ ದಿನ ಒಂದು ಹಾಡು ನುಡಿಸಿ ಒಂದು ಹಾಡು ಬಿಡುತ್ತೇನೆ.

‘ನಾನು ತಬಲಾ ತರಬಹುದಾ, ಖಂಜಿರ ತರಬಹುದಾ?’ ಅಂತ ಗೆಳೆಯರು ಕೇಳುತ್ತಾರೆ. ಕೇಳದೆ ತರಬೇಡಿ. ಡ್ರಮ್ಮನ್ನೇ ಹತ್ತಿರ ಸೇರಿಸದವರು ಇವರು. ಮನೆಯ ವರಾಂಡದ ಜ್ಯಾಮ್‌ಗೆ ಕರೆದು, ಅವರೇ ‘ತಾ ನೋಡೋಣ’ ಅಂದರೆ ಮಾತು ಬೇರೆ.

ನಿಮ್ಮ ಸರದಿ

ಎರಡು ಮೂರು ತಿಂಗಳಾದ ಮೇಲೆ ಮುಂದಾಳು ನಿಮ್ಮ ಕಡೆ ತಿರುಗಿ ‘ನಿನ್ನದೊಂದು ಆಗಲಿ’ ಅನ್ನುತ್ತಾರೆ. ಆವತ್ತಿಗೆ ಒಂದು ಹಾಡು ಕೈಯಲ್ಲಿರಲಿ. ಎಲ್ಲರಿಗೂ ಗೊತ್ತಿರುವ, ಮೂರು ಕಾರ್ಡಿನ, ಪಲ್ಲವಿ ಇರುವ ಹಾಡು. ಸಾಹಿತ್ಯ ಬಾಯಿಗೆ ಬರಬೇಕು, ಫೋನ್ ನೋಡಿ ಹಾಡಬೇಡಿ. ಫೋನ್ ನೋಡುವವರು ಬ್ರೇಕ್ ಹಂಚುವುದಕ್ಕೆ ತಲೆ ಎತ್ತುವುದೇ ಇಲ್ಲ. ಹೆಸರು ಹೇಳಿ, ಶ್ರುತಿ ಹೇಳಿ, ಯಾರು ಎತ್ತುಗಡೆ ಮಾಡಬೇಕೋ ಅವರನ್ನು ಕೇಳಿ. ಗಂಟಲಿಗೆ ಹೊಂದುವ ಶ್ರುತಿ ಯಾವುದು ಅಂತ ಮನೆಯಲ್ಲೇ ನೋಡಿಕೊಂಡಿರಿ. ಏಳೆಂಟು ಕಾರ್ಡ್ ಇರುವ, ಎಲ್ಲೋ ಮಧ್ಯದಲ್ಲಿ ತಿರುವು ಇರುವ ಹಾಡಿಗೆ ಇವರ ಬಾಯಲ್ಲಿ ‘ಜ್ಯಾಮ್ ಬಸ್ಟರ್’ ಅಂತಲೇ ಹೆಸರು. ಅದನ್ನು ಎತ್ತಿದವರಿಗೆ ಮುಂದಿನ ವಾರ ಸರದಿ ಸ್ವಲ್ಪ ನಿಧಾನವಾಗಿ ಬರುತ್ತದೆ.

ಕನ್ನಡ ಹಾಡು ಹೇಳಬಹುದಾ? ಮೊದಲ ವರ್ಷ ಬೇಡ ಅನ್ನುತ್ತೇನೆ. ಹಾಡು ಚೆನ್ನಾಗಿಲ್ಲ ಅಂತಲ್ಲ. ದುಂಡಿನಲ್ಲಿ ಕೂತ ಹನ್ನೆರಡು ಜನ ನುಡಿಸಲಾಗದೆ ಕೈ ಕಟ್ಟಿ ನಿಮ್ಮ ಮುಖ ನೋಡುತ್ತಾರೆ, ಜ್ಯಾಮ್ ಹೋಗಿ ಕಚೇರಿಯಾಗುತ್ತದೆ. ಅವರೇ ಕೇಳಿದ ದಿನ ಕೋಲಾಟದ ಪದದಂಥದ್ದು ಆರಿಸಿ. ಒಂದೇ ಸಾಲು ತಿರುಗಿ ತಿರುಗಿ ಬರಬೇಕು, ಸ-ಪ ಎರಡೇ ಕಾರ್ಡಿನಲ್ಲಿ ನಡೆಯಬೇಕು. ಮೂರನೇ ಸುತ್ತಿಗೆ ಬ್ಯಾಂಜೋ ಸೇರಿಕೊಂಡಿತು ಅಂದರೆ ಹಾಡು ಸರಿಯಾಗಿ ಆರಿಸಿದ್ದೀರಿ.

ಮುಗಿದ ಮೇಲೆ

ಕುರ್ಚಿ ಮಡಚಿ ಗೋಡೆಗೆ ಒರಗಿಸುವ ತನಕ ಇರಿ. ಇದನ್ನು ಸಣ್ಣ ಕೆಲಸ ಅಂದುಕೊಳ್ಳಬೇಡಿ. ಯಾವ ಊರಿನಲ್ಲಿ ಗುರುವಾರ ಯಾರ ಕೊಟ್ಟಿಗೆಯಲ್ಲಿ ಜ್ಯಾಮ್ ಇದೆ, ಯಾರ ಹತ್ತಿರ ಹಳೇ ಗಿಟಾರ್ ಮಾರಾಟಕ್ಕಿದೆ, ಇಂಥ ಸುದ್ದಿಯೆಲ್ಲ ಕುರ್ಚಿ ಮಡಚುವಾಗಲೇ ಸಿಗುವುದು. ಇಂಟರ್‌ನೆಟ್ಟಿನಲ್ಲಿ ಇಲ್ಲದ ಮೂರು ಜ್ಯಾಮ್ ನನಗೆ ಗೊತ್ತಾದದ್ದು ಹಾಗೆ.

ಪೆಟ್ರೋಲ್ ಬರುವಾಗಲೇ ತುಂಬಿಸಿಕೊಂಡಿರಿ, ರಾತ್ರಿ ಹತ್ತರ ಮೇಲೆ ಬೆಟ್ಟದ ಮೇಲೆ ಬಂಕ್ ತೆರೆದಿರುವುದು ಅಪರೂಪ. ಹಲವು ಕಡೆ ಫೋನ್ ಸಿಗ್ನಲ್ ಇರುವುದಿಲ್ಲ, ಮ್ಯಾಪ್ ಮೊದಲೇ ಇಳಿಸಿಕೊಳ್ಳಿ. ಚಳಿಗಾಲದಲ್ಲಿ ಬೆಟ್ಟದ ಮೇಲಿನ ರಸ್ತೆ ಬ್ಲೂ ರಿಜ್ ಪಾರ್ಕ್‌ವೇ ಮುಚ್ಚಿರಬಹುದು, ಸುತ್ತು ದಾರಿ ನೋಡಿಟ್ಟಿರಿ. ಗಿಟಾರನ್ನು ಡಿಕ್ಕಿಯಲ್ಲಿ ರಾತ್ರಿಯಿಡೀ ಬಿಡಬೇಡಿ, ಚಳಿಗೆ ಮರ ಸೀಳುತ್ತದೆ. ಮಂಜು ಇದ್ದರೆ ಹೈಬೀಮ್ ಹಾಕದೆ ನಿಧಾನ ಇಳಿಯಿರಿ. ಜಿಂಕೆಯೊಂದು ರಸ್ತೆ ದಾಟಿತು ಅಂತ ಆಕ್ಸಿಲರೇಟರ್ ಒತ್ತಬೇಡಿ. ಅದರ ಹಿಂದೆಯೇ ಇನ್ನೊಂದು ಬರುತ್ತಿರುತ್ತದೆ.